ಹಾಲ್‌ಗೆ ದೊಡ್ಡ ಸಬ್‌ವೂಫರ್ ಒಂದಾ, ಅದೇ ದುಡ್ಡಿಗೆ ಚಿಕ್ಕವು ಎರಡಾ?

ಹನುಮಂತನಗರ_ಹಾಲ್

ಎಲ್ರಿಗೂ ನಮಸ್ಕಾರ. ಸಬ್‌ವೂಫರ್, ಅಂದ್ರೆ ಬರೀ ಬೇಸ್ (ತಗ್ಗು ಸ್ವರ) ಕೊಡೋ ಸ್ಪೀಕರ್ ಡಬ್ಬ, ಒಂದಾ ಎರಡಾ ಅಂತ ಎರಡು ತಿಂಗಳಿಂದ ತಲೇಲಿ ಓಡ್ತಿದೆ, ಅಂಗಡಿಲಿ ಕೇಳಿದ್ರೆ ದೊಡ್ಡದು ತಗೊಳಿ ಸಾರ್ ಅಂತಾರೆ, ಫ್ರೆಂಡ್ಸ್ ಕೇಳಿದ್ರೆ ಎರಡು ಹಾಕು ಮಗಾ ಅಂತಾರೆ, ಯಾಕೆ ಅಂತ ಮಾತ್ರ ಯಾರೂ ಬಿಡಿಸಿ ಹೇಳ್ತಿಲ್ಲ. ಅದಕ್ಕೇ ಇಲ್ಲಿ ಕೇಳ್ತಿದೀನಿ, ಸ್ವಲ್ಪ ಉದ್ದ ಆಗತ್ತೆ, ಓದಿ ಹೇಳಿ.

ನಮ್ಮನೆ ಬೆಂಗಳೂರು ಹನುಮಂತನಗರದಲ್ಲಿ, ಥರ್ಟಿ ಫಾರ್ಟಿ ಸೈಟಲ್ಲಿ ಅಪ್ಪ ಕಟ್ಟಿಸಿದ್ದು. ನಾವು ಮೊದಲನೇ ಫ್ಲೋರಲ್ಲಿದೀವಿ, ಕೆಳಗಡೆ ಬಾಡಿಗೆಗೆ ಕೊಟ್ಟಿದೀವಿ. ಹಾಲ್ 18 ಅಡಿ ಉದ್ದ, 11 ಅಡಿ ಅಗಲ, ಹೈಟು 10 ಅಡಿ. ಟಿವಿ ಇರೋದು 18 ಅಡಿ ಗೋಡೆ ನಡುಮಧ್ಯ, ಎದುರು ಗೋಡೆಗೆ ಒತ್ತಿ ಮೂರು ಸೀಟಿನ ಸೋಫಾ, ಎಡಗಡೆ ಕೊನೇಲಿ ದಿವಾನ, ಬಲಗಡೆ ಗೋಡೆಯಿಂದ ಒಂದು ನಾಲ್ಕೂವರೆ ಅಡಿ ಬಿಟ್ಟು ಅಪ್ಪ ಕೂರೋ ಬೆತ್ತದ ಕುರ್ಚಿ. ಸಬ್ಬು (ಸಬ್‌ವೂಫರ್) 10 ಇಂಚಿನ ಪೋರ್ಟೆಡ್, ಅಂದ್ರೆ ಡಬ್ಬಕ್ಕೆ ಗಾಳಿ ತೂತಿರೋದು, ಟಿವಿ ಗೋಡೆಯ ಬಲ ಮೂಲೇಲಿ ಶೋಕೇಸ್ ಪಕ್ಕ ಇದೆ. ರಿಸೀವರ್ (ಸ್ಪೀಕರ್‌ಗಳಿಗೆಲ್ಲ ಶಬ್ದ ಹಂಚೋ ಆ್ಯಂಪ್ ಡಬ್ಬ) ಹಿಂದೆ ಸಬ್ಬಿಗೆ ವೈರ್ ಹಾಕೋ ಸಬ್ ಔಟ್ ಎರಡಿವೆ.

ತೊಂದರೆ ಏನಪ್ಪಾ ಅಂದ್ರೆ ಒಂದೇ ಹಾಲಲ್ಲಿ ಮೂರು ಥರ ಕೇಳತ್ತೆ. ನಾನು ಸೋಫಾ ಮಧ್ಯ ಕೂತ್ರೆ ಕೆಲವು ನೋಟು ಗುಂಯ್ ಅಂತ ಊದಿಕೊಂಡು ಬರತ್ತೆ. ದಿವಾನದ ಮೇಲೆ ಮಲಗಿದ್ರೆ ಬರೀ ಬೇಸೇ. ಅಪ್ಪನ ಕುರ್ಚಿಲಿ ಕೂತ್ರೆ ಬೇಸ್ ಗಿಟಾರ್ ಅರ್ಧಕ್ಕರ್ಧ ಮಾಯ. ಅಪ್ಪನಿಗೆ 80ರ ದಶಕದ ಹಾಡು ಅಂದ್ರೆ ಪ್ರಾಣ, ರಿಟೈರ್ ಆದಮೇಲೆ ದಿನಾ ಸಾಯಂಕಾಲ ಕಾಫಿ ಕುಡೀತಾ ಒಂದು ಗಂಟೆ ಕೇಳ್ತಾರೆ, "ಅದ್ಯಾಕೋ ಬಿಟ್ಟು ಬಿಟ್ಟು ಬರತ್ತಲ್ಲೋ" ಅಂದ್ರು ಒಂದಿನ. ನಾನು ಕೇಬಲ್ ಲೂಸ್ ಇರಬೇಕು ಅಂತ ಹುಡುಕಿದೆ, ಏನೂ ಇರಲಿಲ್ಲ. ಆಮೇಲೆ ಅವರನ್ನ ಎಬ್ಬಿಸಿ ಅದೇ ಕುರ್ಚಿಲಿ ನಾನು ಕೂತು ಕೇಳಿದಾಗಲೇ ಗೊತ್ತಾಗಿದ್ದು, ನಿಜವಾಗ್ಲೂ ನೋಟುಗಳೇ ಬಿಟ್ಟು ಹೋಗ್ತಿವೆ.

ಇನ್ನೊಂದು ವಿಷಯ. ಸೋಫಾ ಪಕ್ಕ ದೇವರ ಮನೆ, ಬಾಗಿಲಿಗೆ ಸಾಲಾಗಿ ಹಿತ್ತಾಳೆ ಪುಟ್ಟ ಗಂಟೆ ಹಾಕಿಸಿದೀವಿ. ಹಾಡಲ್ಲಿ ಒಂದು ನೋಟು ಬಂದಾಗ ಮೇಲಿನ ಸಾಲಿನ ಎರಡು ಗಂಟೆ ಮಾತ್ರ ಝಿರ್ರ್ ಅನ್ನತ್ತೆ, ನೋಟು ಬದಲಾದ್ರೆ ಸುಮ್ಮನಾಗತ್ತೆ. ಫೋನಲ್ಲಿ ಟೋನ್ ಆ್ಯಪ್ ಹಾಕಿ ಒಂದೊಂದೇ ಹರ್ಟ್ಜ್ (ಸೆಕೆಂಡಿಗೆ ಎಷ್ಟು ಕಂಪನ ಅನ್ನೋ ಲೆಕ್ಕ, ಕಮ್ಮಿ ಆದಷ್ಟೂ ತಗ್ಗು ಸ್ವರ) ಏರಿಸ್ತಾ ನೋಡಿದೆ, 50ರಿಂದ 53ರ ಒಳಗೆ ಮಾತ್ರ ಹಂಗಾಗೋದು.

ಕೈಲಿರೋದು 45 ಸಾವಿರ. ಇರೋದನ್ನ ಮಾರಿ ಅದರ ದುಡ್ಡೂ ಸೇರಿಸಿ 12 ಇಂಚಿನ ದೊಡ್ಡದೊಂದು ತಗೊಳ್ಲಾ? ಇಲ್ಲಾ ಇದೇ ಮಾಡೆಲ್ ಇನ್ನೊಂದು ತಂದು ಜೋಡಿ ಮಾಡ್ಲಾ? ಸಿನಿಮಾ ವಾರಕ್ಕೊಂದು ನೋಡ್ತೀವಿ, ಮಿಕ್ಕಿದ್ದೆಲ್ಲ ಹಾಡೇ.

ಒಂದೇ_ಸಾಕು

ಮೊದಲು ದುಡ್ಡು ಬಿಚ್ಚಬೇಡಿ. ಸಬ್ಬನ್ನ ಮೂಲೆಯಿಂದ ಈಚೆ ತಂದು ನೋಡಿದೀರಾ? ಮೂಲೇಲಿಟ್ರೆ ರೂಮಿನ ಎಲ್ಲಾ ಕೆಟ್ಟ ಗುಣನೂ ಒಟ್ಟಿಗೆ ಎದ್ದು ಕೂರತ್ತೆ.

ಹಳೇ ಉಪಾಯ ಒಂದಿದೆ, ಖರ್ಚಿಲ್ಲ. ಸಬ್ಬನ್ನ ಎತ್ತಿ ನೀವು ಕೂರೋ ಜಾಗದಲ್ಲಿ ಸೋಫಾ ಮೇಲೇ ಇಡಿ, ಬೇಸ್ ಗಿಟಾರ್ ಚೆನ್ನಾಗಿ ಮೇಲೆ ಕೆಳಗೆ ಓಡಾಡೋ ಹಾಡೊಂದನ್ನ ರಿಪೀಟ್ ಹಾಕಿ, ಆಮೇಲೆ ನೀವು ನೆಲದ ಮೇಲೆ ಅಂಬೆಗಾಲು ಇಟ್ಕೊಂಡು ಗೋಡೆ ಪಕ್ಕ ಪಕ್ಕ ಹೋಗ್ತಾ ಕೇಳಿ. ಎಲ್ಲಿ ಎಲ್ಲಾ ನೋಟೂ ಒಂದೇ ಜೋರಲ್ಲಿ ಕೇಳತ್ತೋ ಅಲ್ಲಿ ಸಬ್ ಇಡಿ. ಸಬ್ ಜಾಗ ಕಿವಿ ಜಾಗ ಅದಲು ಬದಲು ಮಾಡಿದ್ರೂ ರೂಮ್ ಅದೇ ಥರ ನಡ್ಕೊಳತ್ತೆ, ಅದಕ್ಕೇ ಇದು ಕೆಲಸ ಮಾಡೋದು.

ನಂದು ಚಿಕ್ಕ ರೂಮು, ಕೂರೋನು ನಾನೊಬ್ನೇ. ಎರಡು ಇಟ್ಟಿದ್ದೆ, ಒಂದು ತೆಗೆದು ತಮ್ಮನಿಗೆ ಕೊಟ್ಟೆ, ಇವತ್ತಿಗೂ ಕೊರತೆ ಅನ್ಸಿಲ್ಲ.

ಅಳತೆ_ಮೈಕು

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ, ಒಬ್ಬರೇ ಕೂರೋದಾದ್ರೆ. ಆದ್ರೆ ಕೇಳ್ತಿರೋರ ಸಮಸ್ಯೆನೇ ಬೇರೆ, ಅವರ ಮನೇಲಿ ಮೂರು ಕಡೆ ಕೂರೋರಿದಾರೆ, ಮೂರೂ ಕಡೆ ಬೇರೆ ಬೇರೆ ಥರ ಕೇಳ್ತಿದೆ. ಎರಡನೇ ಸಬ್ಬು ಹುಟ್ಟಿರೋದೇ ಇದಕ್ಕೆ. ಜೋರು ಮಾಡಕ್ಕಲ್ಲ, ಸಮ ಮಾಡಕ್ಕೆ. ಇದನ್ನ ಎಷ್ಟು ಸಲ ಹೇಳಿದ್ರೂ ಅಂಗಡಿಯವರು ಜೋರಿನ ಲೆಕ್ಕದಲ್ಲೇ ಮಾರ್ತಾರೆ.

ಸ್ವಲ್ಪ ಲೆಕ್ಕ ಹಾಕೋಣ, ಸುಲಭ ಇದೆ. ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಹೋಗತ್ತೆ. ಎದುರು ಬದುರು ಎರಡು ಗೋಡೆ ಮಧ್ಯೆ ಅರ್ಧ ಅಲೆ ಸರಿಯಾಗಿ ಕೂರೋ ಫ್ರೀಕ್ವೆನ್ಸಿ (ಹರ್ಟ್ಜ್) ಬಂದಾಗ ಅದು ಅಲ್ಲೇ ಸಿಕ್ಕಾಕ್ಕೊಂಡು ಊದತ್ತೆ. ಆ ಫ್ರೀಕ್ವೆನ್ಸಿ ಬೇಕು ಅಂದ್ರೆ 565ನ್ನ (1130ರ ಅರ್ಧ) ರೂಮಿನ ಅಡಿಯಿಂದ ಭಾಗಿಸಿ ಅಷ್ಟೇ. ನಿಮ್ಮ 11 ಅಡಿ ಅಗಲಕ್ಕೆ 51 ಹರ್ಟ್ಜ್ ಬಂತು. ನಿಮ್ಮ ದೇವರ ಮನೆ ಗಂಟೆ ಕೊಟ್ಟಿರೋ ಉತ್ತರನೂ ಅದೇ ನೋಡಿ, 50ರಿಂದ 53. ನಂಗೆ ಓದಿದ ತಕ್ಷಣ ಮೈ ಜುಂ ಅಂತು. ಸೋಫಾ ಗೋಡೆಗೆ ಒತ್ತಿದೆ, ಗೋಡೆ ಹತ್ರ ಆ ಅಲೆಯ ಒತ್ತಡ ಪೂರ್ತಿ ಇರತ್ತೆ, ಗಂಟೆನೂ ಅದೇ ಸಾಲಲ್ಲಿದೆ.

ಈಗ 18 ಅಡಿ ಉದ್ದ ತಗೊಳಿ. ಮೊದಲನೇದು 31 ಹರ್ಟ್ಜ್, ಅದರ ಎರಡರಷ್ಟು 63. ಈ 63ರ ಅಲೆ ಎರಡೂ ಕೊನೇಲಿ ಮತ್ತೆ ನಡುಮಧ್ಯ ಜೋರಾಗಿರತ್ತೆ, ಕಾಲು ಭಾಗ ಮುಕ್ಕಾಲು ಭಾಗದಲ್ಲಿ ಸತ್ತು ಹೋಗಿರತ್ತೆ. 18ರ ಕಾಲು ಭಾಗ ಎಷ್ಟು? ನಾಲ್ಕೂವರೆ ಅಡಿ. ನಿಮ್ಮಪ್ಪನ ಕುರ್ಚಿ ಕರೆಕ್ಟಾಗಿ ಅಲ್ಲೇ ಇದೆ! ಬೇಸ್ ಗಿಟಾರಲ್ಲಿ 61.7 ಹರ್ಟ್ಜ್ ಒಂದು ನೋಟು, 65.4 ಇನ್ನೊಂದು, ಎರಡೂ ಹಾಡುಗಳಲ್ಲಿ ದಂಡಿಯಾಗಿ ಬರೋವು. ಅವರಿಗೆ ಅದೇ ಕೇಳ್ತಿಲ್ಲ. ಅವರ ಕಿವಿ ಸರಿಯಾಗೇ ಇದೆ ಅಂತ ಹೇಳಿ.

ಹಂಗಾದ್ರೆ ಇಕ್ಯೂ (ಒಂದೊಂದು ಫ್ರೀಕ್ವೆನ್ಸಿನ ಬೇರೆ ಬೇರೆ ಏರಿಸಿ ಇಳಿಸೋ ಸೆಟ್ಟಿಂಗ್) ಹಾಕಿ ಸರಿ ಮಾಡಬಹುದಲ್ವಾ ಅಂತ ಕೇಳ್ತೀರ. ಗುಡ್ಡ ಇದ್ರೆ, ಅಂದ್ರೆ ನೋಟು ಊದಿದ್ರೆ ಕಡಿಬಹುದು, ಹಳ್ಳ ಇದ್ರೆ, ಅಂದ್ರೆ ನೋಟು ಸತ್ತಿದ್ರೆ ತುಂಬಕ್ಕಾಗಲ್ಲ. ಅಲೆ ತನ್ನನ್ನ ತಾನೇ ಹೊಡೆದು ಹಾಕ್ತಿರೋ ಜಾಗದಲ್ಲಿ ನೀವು ಎಷ್ಟು ಹೆಚ್ಚು ಸುರಿದ್ರೂ ಅಷ್ಟೇ ಹೆಚ್ಚು ಹೊಡೆದು ಹಾಕತ್ತೆ. 10 ಡಿಬಿ (ಡೆಸಿಬಲ್, ಜೋರಿನ ಅಳತೆ) ಏರಿಸಿದ್ರೆ ಆ್ಯಂಪ್ ಹತ್ತು ಪಟ್ಟು ಪವರ್ ಕೊಡಬೇಕು, ಅಪ್ಪನ ಕುರ್ಚಿಲಿ ಹಳ್ಳ ಪೂರ್ತಿ ತುಂಬಲ್ಲ, ದಿವಾನದಲ್ಲಿ ಮಲಗಿರೋರ ಎದೆ ಒಡೆಯತ್ತೆ. 12 ಇಂಚಿನ ದೊಡ್ಡದು ತಂದು ಅದೇ ಮೂಲೇಲಿಟ್ರೂ ಕಥೆ ಇದೇ, ಆ ಹಳ್ಳ ರೂಮಿಂದು, ಸಬ್ಬಿಂದಲ್ಲ.

ನಮ್ಮ ಊರಿನ ಮನೆಗಳಲ್ಲಿ ಇದು ಇನ್ನೂ ಜಾಸ್ತಿ. ಅಮೆರಿಕದವರ ವಿಡಿಯೋ ನೋಡಿ ನಾವು ಕಲಿತೀವಿ, ಅವರ ಮನೆ ಗೋಡೆ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದಿರೋದು, ಬೇಸ್ ಬಿದ್ರೆ ಅಲ್ಲಾಡಿ ಸ್ವಲ್ಪ ನುಂಗತ್ತೆ. ನಮ್ದು ಸಿಮೆಂಟ್ ಬ್ಲಾಕು, ಮೇಲೆ ಆರ್‌ಸಿಸಿ, ಕೆಳಗೆ ಗ್ರಾನೈಟು ಇಲ್ಲಾ ವಿಟ್ರಿಫೈಡು. ಹೋದ ಬೇಸ್ ಹೆಚ್ಚುಕಮ್ಮಿ ಪೂರ್ತಿ ವಾಪಸ್. ಪರದೆ ಹಾಕಿದ್ರೆ ಸರಿ ಹೋಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, 51 ಹರ್ಟ್ಜ್ ಅಲೆ 22 ಅಡಿ ಉದ್ದ, ಪರದೆ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಈಗ ಎರಡು ಸಬ್ಬಿನ ವಿಷಯ. ಹರ್ಮನ್ ಅನ್ನೋ ಆಡಿಯೋ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಇದನ್ನೇ ಕೂಲಂಕಷವಾಗಿ ಲೆಕ್ಕ ಹಾಕಿದಾರೆ, ಆಯತಾಕಾರದ ರೂಮಲ್ಲಿ ಒಂದರಿಂದ ಹಿಡಿದು ಸಾವಿರಗಟ್ಟಲೆ ಸಬ್ ಇಟ್ರೆ ಸೀಟಿಂದ ಸೀಟಿಗೆ ವ್ಯತ್ಯಾಸ ಎಷ್ಟು ಕಮ್ಮಿ ಆಗತ್ತೆ ಅಂತ. ನಾಲ್ಕರ ಮೇಲೆ ಹೋದ್ರೆ ಹೆಚ್ಚಿನ ಲಾಭ ಇಲ್ಲ, ಎರಡಾದ್ರೆ ಎದುರು ಬದುರು ಗೋಡೆಗಳ ಮಧ್ಯದಲ್ಲಿಟ್ರೆ ಒಳ್ಳೇದು ಅಂತ ಬಂತು. ನಿಮ್ಮ ಹಾಲಲ್ಲಿ ಆ ಜಾಗ ಸಿಗಲ್ಲ ಅನ್ಸತ್ತೆ, ಒಂದು ಕಡೆ ದಿವಾನ. ಆದ್ರೆ ನಿಮಗೆ ಇನ್ನೊಂದು ಜಾಗ ಇದೆ. ಟಿವಿ ಗೋಡೆಯಲ್ಲೇ, ಎರಡೂ ಕೊನೆಯಿಂದ ನಾಲ್ಕೂವರೆ ಅಡಿಗೆ ಒಂದೊಂದು. 63 ಸತ್ತು ಹೋಗೋ ಜಾಗದಲ್ಲೇ ಸಬ್ ಇಟ್ರೆ ಅದು 63ರ ಅಲೆನ ಎಬ್ಬಿಸೋದೇ ಇಲ್ಲ. 31ರ ಅಲೆಗೆ ಒಂದು ಸಬ್ಬು ಈ ಅರ್ಧದಿಂದ ನೂಕತ್ತೆ, ಇನ್ನೊಂದು ಆ ಅರ್ಧದಿಂದ, ಒಂದಕ್ಕೊಂದು ವಜಾ. ಉಳಿಯೋದು ಅಗಲದ 51 ಮತ್ತೆ ಹೈಟಿನ 56. 51 ಸೋಫಾ ಸಾಲಿನ ಮೂರೂ ಕಡೆ ಒಂದೇ ಥರ ಊದಿರತ್ತೆ, ಎಲ್ಲಾ ಕಡೆ ಒಂದೇ ಥರ ಇರೋ ಗುಡ್ಡನ ಇಕ್ಯೂಲಿ ಕಡಿಯೋದು ನಿಮಿಷದ ಕೆಲಸ. ಕುರ್ಚಿ ಸ್ವಲ್ಪ ಮುಂದಿದ್ರೆ ಅಲ್ಲಿ ಕಮ್ಮಿ ಇರತ್ತೆ, ಅದನ್ನ ಸೋಫಾ ಸಾಲಿಗೇ ಹಾಕಿ.

ಇದೆಲ್ಲ ನಾಲ್ಕು ಕಡೆ ಮುಚ್ಚಿದ ರೂಮಿನ ಲೆಕ್ಕ. ಡೈನಿಂಗ್ ಕಡೆ ತೆರೆದಿದ್ರೆ ಒಂದಿಷ್ಟು ಆಚೆ ಈಚೆ ಆಗತ್ತೆ, ಅಳತೆ ಮಾಡಿದ್ಮೇಲೇ ಖಾತ್ರಿ.

ಹನುಮಂತನಗರ_ಹಾಲ್

ಸಾರ್ ನಿಮ್ಮ ಉತ್ತರ ಓದಿ ಟೇಪ್ ಹಿಡ್ಕೊಂಡು ಹೋಗಿ ಮತ್ತೆ ಅಳೆದೆ, ಕುರ್ಚಿ ಮಧ್ಯಕ್ಕೆ ನಾಲ್ಕು ಅಡಿ ಏಳು ಇಂಚು! ಅಪ್ಪನಿಗೆ ಹೇಳಿದೆ, ಕಿವಿ ಚೆನ್ನಾಗಿದೆ ಅಂತ ಫೋರಮಲ್ಲಿ ಹೇಳ್ತಿದಾರೆ ಅಂತ. ತುಂಬಾ ಖುಷಿ ಪಟ್ರು.

ಒಂದೇ_ಸಾಕು ಅವರು ಹೇಳಿದ ಅಂಬೆಗಾಲಿನ ಪರೀಕ್ಷೆನೂ ಭಾನುವಾರ ಮಾಡಿದೆ. ಸೋಫಾಗೆ ಒಳ್ಳೆ ಜಾಗ ಸಿಕ್ತು, ಟಿವಿ ಸ್ಟ್ಯಾಂಡಿನ ಬಲಕ್ಕೆ ಒಂದೂವರೆ ಅಡಿ. ಅಲ್ಲಿಟ್ರೆ ನಂಗೆ ಮೊದಲಿಗಿಂತ ಎಷ್ಟೋ ವಾಸಿ, ಆದ್ರೆ ಅಪ್ಪನ ಕುರ್ಚಿಲಿ ಅದೇ ಗೋಳು. ಕುರ್ಚಿ ಸರಿಸೋಣ ಅಂದ್ರೆ ಅಲ್ಲಿ ಕಿಟಕಿ ಇದೆ, ಬೆಳಕಿಗೆ ಪೇಪರ್ ಓದೋ ಜಾಗ ಅದು, ಅವರು ಬಿಡಲ್ಲ, ಬಿಡಿಸೋ ಮನಸ್ಸೂ ನಂಗಿಲ್ಲ.

ಇನ್ನೊಂದು ಭಯ ಕೆಳಗಿನ ಮನೆಯವರದು, ಅವರಿಗೆ ಪುಟ್ಟ ಮಗು ಇದೆ. ಎರಡು ಸಬ್ ಅಂದ್ರೆ ಕೆಳಗೆ ಎರಡರಷ್ಟು ಹೋಗಲ್ವಾ?

ಆರ್ಕೆಸ್ಟ್ರಾ_ಸೌಂಡು

ಅಣ್ಣಾ ನಂದು ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡೋ ಕೆಲಸ, ಗಣೇಶನ ಹಬ್ಬ, ಅಣ್ಣಮ್ಮನ ಉತ್ಸವ, ನವೆಂಬರ್ ಪೂರ್ತಿ ರಾಜ್ಯೋತ್ಸವ, ಹಿಂಗೇ ರೋಡಲ್ಲೇ ಜೀವನ. ಎರಡು ಸಬ್ ಅಂದಿದ್ದಕ್ಕೆ ನಮ್ ಅನುಭವನೂ ಹೇಳ್ಬುಡ್ತೀನಿ, ಯಾಕಂದ್ರೆ ಹೊರಗಡೆ ಆಗೋದು ಇದರ ಉಲ್ಟಾ.

ಮೊದಮೊದಲು ನಾವೂ ಸ್ಟೇಜಿನ ಎಡಕ್ಕೆ ನಾಲ್ಕು ಬಲಕ್ಕೆ ನಾಲ್ಕು ಸಬ್ ಡಬ್ಬ ಇಡ್ತಿದ್ವಿ, ನೋಡಕ್ಕೆ ಚಂದ. ಮಧ್ಯ ನಿಂತೋರಿಗೆ ಎದೆಗೆ ಗುದ್ದಿದಂಗೆ ಬತ್ತದೆ, ಅಲ್ಲಿಂದ ನಾಕು ಹೆಜ್ಜೆ ಪಕ್ಕಕ್ಕೆ ಹೋದ್ರೆ ಬೇಸೇ ಇಲ್ಲ, ಇನ್ನಾಕು ಹೆಜ್ಜೆ ಹೋದ್ರೆ ಮತ್ತೆ ಬತ್ತದೆ. ಕಮಿಟಿಯವರು ಬಂದು ಬಾಕ್ಸ್ ಆಫ್ ಆಗೈತೆ ಅಂತ ಗಲಾಟೆ ಮಾಡೋರು. ಆಫ್ ಆಗಿರಲ್ಲ. 60 ಹರ್ಟ್ಜ್ ಅಲೆ ಸುಮಾರು 19 ಅಡಿ, ನೀವು ನಿಂತಿರೋ ಜಾಗಕ್ಕೆ ಎಡದ ಡಬ್ಬ ಬಲದ ಡಬ್ಬ ದೂರದಲ್ಲಿ ಒಂಬತ್ತೂವರೆ ಅಡಿ ವ್ಯತ್ಯಾಸ ಬಂತು ಅಂದ್ರೆ ಒಂದು ತಳ್ಳುವಾಗ ಇನ್ನೊಂದು ಎಳೀತದೆ, ಶಬ್ದ ಅಲ್ಲೇ ಮುಗೀತು. ನಮ್ಮ ಹುಡುಗ ಒಂದು ದಿನ ಸುಣ್ಣದ ಪುಡಿ ಹಾಕ್ಕೊಂಡು ಬೇಸ್ ಇಲ್ಲದ ಜಾಗ ಗುರುತು ಮಾಡ್ದ, ರೋಡ್ ಮೇಲೆ ಸ್ಟೇಜಿಂದ ಬೀಸಣಿಗೆ ಬಿಚ್ಚಿದಂಗೆ ಪಟ್ಟೆ ಪಟ್ಟೆ ಬಂತು. ಆವತ್ತಿಂದ ಎಂಟೂ ಡಬ್ಬ ಸ್ಟೇಜ್ ಮುಂದೆ ನಡುವೆ ಒಟ್ಟಿಗೆ ಇಡ್ತೀವಿ.

ಮನೇಲಿ ಗೋಡೆ ಐತೆ, ಅಲೆ ವಾಪಸ್ ಬತ್ತಾನೇ ಇರ್ತದೆ, ಅದಕ್ಕೇ ಅಲ್ಲಿ ದೂರ ದೂರ ಇಡಬೇಕು. ಎರಡನ್ನೂ ಒಂದರ ಮೇಲೊಂದು ಪೇರಿಸಿದ್ರೆ 6 ಡಿಬಿ ಜೋರು ಸಿಗ್ತದೆ ಅಷ್ಟೇಯ, ಅಪ್ಪಾಜಿ ಕುರ್ಚಿಗೆ ಏನೂ ಪ್ರಯೋಜನ ಆಗಲ್ಲ. ತಪ್ಪಿ ಒಂದರ ಫೇಸ್ ಉಲ್ಟಾ ಇದ್ರಂತೂ, ಅಂದ್ರೆ ಒಂದು ತಳ್ಳುವಾಗ ಇನ್ನೊಂದು ಎಳೀತಿದ್ರೆ, ಎರಡೂ ಓಡ್ತಿದ್ರೂ ಬೇಸ್ ಇರಾಕಿಲ್ಲ, ಅದನ್ನ ಮೊದ್ಲು ನೋಡ್ಕಳಿ.

ಯಲಹಂಕ_ಟಾಪ್_ಫ್ಲೋರ್

ಹೆಚ್ಚಿನೋರು ಎರಡರ ಪರ ಇದೀರ, ನಾನು ಒಂದು ದೊಡ್ಡದರ ಪರ ಎರಡು ಮಾತು ಹೇಳ್ತೀನಿ, ಯಾಕಂದ್ರೆ ಅದನ್ನೂ ತಿಳ್ಕೊಂಡೇ ನಿರ್ಧಾರ ಮಾಡ್ಲಿ.

ಎರಡು 10 ಇಂಚು ಹಾಕಿದ್ರೆ ಜೋರು, ಸಮ ಎರಡೂ ಸಿಗತ್ತೆ, ಆಳ (ಇನ್ನೂ ತಗ್ಗಿನ ಸ್ವರ) ಸಿಗಲ್ಲ. ನಿಮ್ಮ ಪೋರ್ಟೆಡ್ ಸಬ್ಬು 30 ಹರ್ಟ್ಜ್‌ಗೆ ಟ್ಯೂನ್ ಆಗಿದ್ರೆ ಅದರ ಕೆಳಗೆ ಆಕ್ಟೇವಿಗೆ (ಹರ್ಟ್ಜ್ ಅರ್ಧ ಆದಾಗೆಲ್ಲ) 24 ಡಿಬಿ ಲೆಕ್ಕದಲ್ಲಿ ಬಿದ್ದು ಹೋಗತ್ತೆ, ಎರಡಲ್ಲ ನಾಲ್ಕು ಇಟ್ರೂ 20 ಹರ್ಟ್ಜ್ ಬರಲ್ಲ. ಸಿನಿಮಾದಲ್ಲಿ ಕಟ್ಟಡ ಬೀಳೋದು, ಗುಡುಗು, ಅಲ್ಲೆಲ್ಲ 20-25 ಇರತ್ತೆ, ಅದು ಕಿವಿಗಿಂತ ಹೆಚ್ಚು ಸೋಫಾಗೆ ಗೊತ್ತಾಗತ್ತೆ. ನಂಗೆ ಬೇಕಾಗಿದ್ದು ಅದು, ಅದಕ್ಕೇ ಒಂದೇ ದೊಡ್ಡದು ತಗೊಂಡೆ, ರೂಮು ಬಾಗಿಲು ಹಾಕೋ ಥರದ್ದು, ಸೀಟು ಎರಡೇ. ನೀವು ಹೆಚ್ಚು ಕೇಳೋದು ಹಾಡು, ನಾಲ್ಕು ತಂತಿ ಬೇಸ್ ಗಿಟಾರಿನ ಅತೀ ಕೆಳಗಿನ ನೋಟು 41 ಹರ್ಟ್ಜ್, ಐದು ತಂತೀದು 31. ನಿಮ್ಮ ಸಬ್ಬಿಗೆ ಅದು ಬರತ್ತೆ. ಹಂಗಾಗಿ ನಿಮಗೆ ಎರಡೇ ಸರಿ ಅಂತ ನಾನೂ ಒಪ್ತೀನಿ.

ಆದ್ರೆ ದಯವಿಟ್ಟು ಅದೇ ಮಾಡೆಲ್ಲೇ ತಗೊಳಿ. ನಾನು ಮೊದಲು 12 ಇಂಚಿನ ಪೋರ್ಟೆಡ್ ಜೊತೆ ಯಾರೋ ಕೊಟ್ಟ 8 ಇಂಚಿನ ಸೀಲ್ಡ್ (ತೂತಿಲ್ಲದ ಮುಚ್ಚಿದ ಡಬ್ಬ) ಸೇರಿಸಿ ಎರಡು ತಿಂಗಳು ಒದ್ದಾಡಿದೀನಿ. ಪೋರ್ಟೆಡ್ ಡಬ್ಬ ಟ್ಯೂನಿಂಗ್ ಹತ್ರ ಬಂದಾಗ ಅದರ ಫೇಸ್ ತಿರುಗತ್ತೆ, ಸೀಲ್ಡಿಂದು ಬೇರೆ ಥರ ತಿರುಗತ್ತೆ. 35ರ ಆಸುಪಾಸಲ್ಲಿ ಎರಡೂ ಒಂದನ್ನೊಂದು ತಿಂದು ಹಾಕ್ತಿದ್ವು. ಚಿಕ್ಕದನ್ನ ಆಫ್ ಮಾಡಿದ್ರೆ ಬೇಸ್ ಜಾಸ್ತಿ ಆಗೋದು, ಅದನ್ನ ಕಂಡುಹಿಡಿಯಕ್ಕೇ ನಂಗೆ ಅಷ್ಟು ದಿನ ಬೇಕಾಯ್ತು.

ಕೆಳಗಿನ ಮನೆ ವಿಷಯ. ರಬ್ಬರ್ ಮ್ಯಾಟ್ ಹಾಕಿ, ಡಬ್ಬ ನೇರ ನೆಲಕ್ಕೆ ತಟ್ಟೋದು ಕಮ್ಮಿ ಆಗತ್ತೆ. ಆದ್ರೆ ಗಾಳಿಲಿ ಹೋಗಿ ಸ್ಲ್ಯಾಬನ್ನೇ ಅಲ್ಲಾಡಿಸೋ ಬೇಸಿಗೆ ಮ್ಯಾಟ್ ಏನೂ ಮಾಡಲ್ಲ. ಕಾನೂನಲ್ಲಿ ವಾಸದ ಏರಿಯಾಗೆ ಹಗಲು 55 ಡಿಬಿ, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45 ಅಂತಿದೆ, ಅದು ಎ ಸ್ಕೇಲ್ (ಮನುಷ್ಯನ ಕಿವಿಗೆ ಹೊಂದಿಸಿದ ಅಳತೆ) ಲೆಕ್ಕ, ಆ ಸ್ಕೇಲು 50 ಹರ್ಟ್ಜನ್ನ 30 ಡಿಬಿ ಕಮ್ಮಿ ಮಾಡಿ ತೋರ್ಸತ್ತೆ. ಮೀಟರಲ್ಲಿ ಏನೂ ಇಲ್ಲ ಅಂದ್ಕೊಂಡ್ರೂ ಕೆಳಗಡೆ ಮಗು ತೊಟ್ಟಿಲಿಗೆ ಗೊತ್ತಾಗತ್ತೆ. ಮೀಟರ್ ನೋಡಬೇಡಿ, ಕೆಳಗೆ ಹೋಗಿ ಒಂದ್ಸಲ ನಿಂತು ಕೇಳಿ.

ಅಳತೆ_ಮೈಕು

ಕೆಳಗೆ ಎರಡರಷ್ಟು ಹೋಗತ್ತಾ ಅಂತ ಕೇಳಿದ್ರಲ್ಲ, ನೀವು ಕೂತಲ್ಲಿ ಅದೇ ಜೋರು ಇಟ್ಕೊಂಡ್ರೆ ಹೋಗಲ್ಲ. ಎರಡೂ ಸೇರಿ ಅಷ್ಟೇ ಶಬ್ದ ಮಾಡ್ತವೆ, ಒಂದೊಂದರ ಕೆಲಸ ಅರ್ಧ ಆಗತ್ತೆ ಅಷ್ಟೇ, ಕೋನ್ ಕಮ್ಮಿ ಓಡಾಡತ್ತೆ, ಕ್ಲೀನಾಗಿ ಬರತ್ತೆ. ಅದೂ ಅಲ್ದೆ ಈಗ ನೀವು ಕೇಳದ ನೋಟಿಗೋಸ್ಕರ ವಾಲ್ಯೂಮ್ ಏರಿಸ್ತಿದೀರ, ಆಗ ಊದಿರೋ 51 ಕೆಳಗೆ ಇಳಿಯತ್ತೆ. ಆ ಗುಡ್ಡ ಕಡಿದ್ರೆ ಕೆಳಗಿನವರಿಗೇ ಮೊದಲು ನೆಮ್ಮದಿ.

ತಗೊಂಡ್ರೆ ಹಿಂಗೆ ಮಾಡಿ. ರಿಸೀವರಲ್ಲಿ ಎರಡು ಸಬ್ ಔಟ್ ಇದ್ರೂ ಕಮ್ಮಿ ರೇಂಜಿನದರಲ್ಲಿ ಎರಡಕ್ಕೂ ಹೋಗೋದು ಒಂದೇ ಸಿಗ್ನಲ್, ಒಳಗಡೆನೇ ಜೋಡಿಸಿರ್ತಾರೆ, ಸಬ್ ಎಷ್ಟು ದೂರ ಅನ್ನೋ ಸೆಟ್ಟಿಂಗ್ ಎರಡಕ್ಕೂ ಸೇರಿ ಒಂದೇ. ನಿಮ್ದು ಟಿವಿಯ ಎರಡೂ ಪಕ್ಕ ಸಮ ದೂರದಲ್ಲಿರೋದ್ರಿಂದ ಪರವಾಗಿಲ್ಲ. ಎರಡಕ್ಕೂ ಸಬ್ಬಿನ ಹಿಂದಿರೋ ಕ್ರಾಸ್‌ಓವರ್ (ಯಾವ ಫ್ರೀಕ್ವೆನ್ಸಿ ಕೆಳಗಿನದು ಸಬ್ಬಿಗೆ ಅನ್ನೋ ಗಡಿ) ನಾಬ್ ಪೂರ್ತಿ ಮೇಲಕ್ಕೆ, ಫೇಸ್ ಎರಡರದ್ದೂ 0. ಆಮೇಲೆ ಒಂದನ್ನ ಆಫ್ ಮಾಡಿ ಇನ್ನೊಂದರ ಜೋರು ಅದರ ಮೂತಿಯಿಂದ ಒಂದೇ ದೂರದಲ್ಲಿ ಅಳೆದು ಗೇನ್ (ಸಬ್ಬಿನ ವಾಲ್ಯೂಮ್ ನಾಬ್) ಸಮ ಮಾಡಿ. ಇದನ್ನ ಮಾಡಿದ್ಮೇಲೇ ರಿಸೀವರಿನ ಆಟೋ ಸೆಟಪ್ ಓಡಿಸಬೇಕು. ರಿಸೀವರಲ್ಲಿ ಕ್ರಾಸ್‌ಓವರ್ 80 ಇಡಿ. ನಿಮ್ಮ ಮುಂದಿನ ಸ್ಪೀಕರ್ ತುಂಬಾ ಚಿಕ್ಕದಾಗಿ 120 ಇಡಬೇಕಾದ್ರೆ ಸಬ್ ಎಲ್ಲಿದೆ ಅಂತ ಕಿವಿಗೆ ಗೊತ್ತಾಗಕ್ಕೆ ಶುರುವಾಗತ್ತೆ, ಗಂಡು ದನಿ ಸಬ್ ಇರೋ ಕಡೆಯಿಂದ ಬರತ್ತೆ, ಮುಂದಿನ ಗೋಡೆಲೇ ಇರೋದ್ರಿಂದ ನಿಮಗೆ ಅದೂ ಅಷ್ಟು ಕಾಟ ಕೊಡಲ್ಲ.

ಬೇಕಾದ್ರೆ ನನ್ನ ಯುಮಿಕ್-1 ಅನ್ನೋ ಶಬ್ದ ಅಳೆಯೋ ಮೈಕು ಒಂದು ವಾರ ಕೊಡ್ತೀನಿ, ನಾನು ಬನಶಂಕರಿಲೇ ಇರೋದು, ಪರ್ಸನಲ್ ಮೆಸೇಜ್ ಹಾಕಿ. ಆರ್‌ಇಡಬ್ಲ್ಯೂ ಸಾಫ್ಟ್‌ವೇರ್ (ಮೈಕಿನ ಅಳತೆ ತೋರ್ಸೋದು) ಫ್ರೀ, ಲ್ಯಾಪ್‌ಟಾಪಿಗೆ ಹಾಕ್ಕೊಳಿ.

ಹನುಮಂತನಗರ_ಹಾಲ್

ಮೂರು ವಾರ ಆಯ್ತು, ಬರೀತೀನಿ ಬರೀತೀನಿ ಅಂತ ತಡ ಆಯ್ತು, ಕ್ಷಮಿಸಿ.

ಅದೇ ಮಾಡೆಲ್ ಸೆಕೆಂಡ್ ಹ್ಯಾಂಡ್ ವಿದ್ಯಾರಣ್ಯಪುರದಲ್ಲಿ ಒಬ್ಬರ ಹತ್ರ ಸಿಕ್ತು, 17 ಸಾವಿರಕ್ಕೆ ಕೊಟ್ರು, ಕೋನು, ಸರೌಂಡು (ಕೋನಿನ ಸುತ್ತಿನ ಅಂಚು) ಎಲ್ಲಾ ಟಾರ್ಚ್ ಹಾಕಿ ನೋಡಿ ತಗೊಂಡೆ. ಕೇಬಲ್ಲು ಎಸ್‌ಪಿ ರೋಡಲ್ಲಿ ಮೀಟರ್ ಲೆಕ್ಕದಲ್ಲಿ ತಗೊಂಡು ಆರ್‌ಸಿಎ ಪಿನ್ (ಆಡಿಯೋ ವೈರಿನ ತುದಿ) ಅಲ್ಲೇ ಹಾಕಿಸಿದೆ. ಎಡಗಡೆ ಸರಿಯಾಗಿ ನಾಲ್ಕೂವರೆ ಅಡಿಗೆ ಇಡಕ್ಕೆ ಬಾಲ್ಕನಿ ಬಾಗಿಲು ಅಡ್ಡ ಬರತ್ತೆ, ಐದು ಅಡಿ ಎರಡು ಇಂಚಿಗೆ ಇಟ್ಟೆ. ಬಲಗಡೇದಕ್ಕೆ ಶೋಕೇಸನ್ನ ಮೂಲೆಗೆ ತಳ್ಳಿದ್ವಿ. ಅಮ್ಮನಿಗೆ ಒಂದೇ ಥರದ ಎರಡು ಡಬ್ಬ ಟಿವಿಯ ಆ ಕಡೆ ಈ ಕಡೆ ಇದ್ರೆ ನೋಡಕ್ಕೆ ಲಕ್ಷಣವಾಗಿದೆ ಅಂತ ಅನ್ಸಿದೆ, ಆ ಕಡೆಯಿಂದ ನಿರಾಳ.

ಮೈಕ್ ಕೊಟ್ಟಿದ್ದಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು ಸಾರ್. ಮೊದಲು ಹಳೇ ಜಾಗ, ಹಳೇ ಒಂದೇ ಸಬ್ಬಲ್ಲಿ ಮೂರೂ ಸೀಟಿಂದು ಅಳೆದಿಟ್ಕೊಂಡೆ. ಸೋಫಾ ಮಧ್ಯ 51ರ ಹತ್ರ 11 ಡಿಬಿ ಗುಡ್ಡ, ಅಪ್ಪನ ಕುರ್ಚಿಲಿ 64ರ ಹತ್ರ 16 ಡಿಬಿ ಹಳ್ಳ. ಸ್ಕ್ರೀನ್ ಮೇಲೆ ಆ ಹಳ್ಳ ನೋಡಿ ನಂಗೆ ಒಂಥರಾ ಆಯ್ತು, ಇಷ್ಟು ವರ್ಷ ಅವರು ಇದನ್ನ ಕೇಳ್ತಿದ್ರಲ್ಲಾ ಅಂತ. ಎರಡೂ ಇಟ್ಟು ಗೇನ್ ಸಮ ಮಾಡಿ ಅಳೆದಾಗ ಆ ಹಳ್ಳ 4 ಡಿಬಿಗೆ ಬಂತು, ಇಕ್ಯೂ ಇನ್ನೂ ಮುಟ್ಟೇ ಇರಲಿಲ್ಲ. ದಿವಾನದ ಊತನೂ ಇಳೀತು. 51ರ ಗುಡ್ಡ ಮಾತ್ರ ನೀವು ಹೇಳಿದಂಗೇ ಹಂಗೇ ಇತ್ತು, ಸೋಫಾ, ಕುರ್ಚಿ ಎರಡರಲ್ಲೂ ಹೆಚ್ಚು ಕಮ್ಮಿ ಒಂದೇ ಎತ್ತರ. ರಿಸೀವರ್ ಇಕ್ಯೂಲಿ ಅದನ್ನ 8 ಡಿಬಿ ಇಳಿಸಿದೆ.

ಮೊದಲ ಸಲ ಓಡಿಸಿದಾಗ ಮಾತ್ರ ಬೇಸೇ ಇರಲಿಲ್ಲ, ಎದೆ ಧಸಕ್ ಅಂತು. ಆರ್ಕೆಸ್ಟ್ರಾ_ಸೌಂಡು ಅವರು ಹೇಳಿದ್ದು ನೆನಪಾಗಿ ನೋಡಿದ್ರೆ ಹೊಸದರ ಫೇಸ್ ಸ್ವಿಚ್ಚು 180ರಲ್ಲಿತ್ತು. 0ಗೆ ಹಾಕಿದ ಕೂಡ್ಲೆ ಹಾಲ್ ತುಂಬ್ಕೊಂತು.

ಈಗ ಗಂಟೆ ಮಾಮೂಲಿ ವಾಲ್ಯೂಮಲ್ಲಿ ಅಲ್ಲಾಡಲ್ಲ. ಅಪ್ಪನಿಗೆ ಏನೂ ಹೇಳದೆ ಸಾಯಂಕಾಲ ಅವರ ಮಾಮೂಲಿ ಹಾಡು ಹಾಕಿದೆ. ಕಾಫಿ ಲೋಟ ಕೈಲಿಟ್ಕೊಂಡು ಎರಡನೇ ಚರಣದ ತನಕ ಸುಮ್ನೆ ಕೇಳಿದ್ರು, ಆಮೇಲೆ ಬೆರಳಲ್ಲಿ ಕುರ್ಚಿ ಕೈ ಮೇಲೆ ಬೇಸ್ ಗಿಟಾರ್ ಜೊತೆಗೇ ತಾಳ ಹಾಕಕ್ಕೆ ಶುರು ಮಾಡಿದ್ರು. "ಇದರಲ್ಲಿ ಗಿಟಾರು ಹಿಂಗೆ ನಡ್ಕೊಂಡು ಹೋಗತ್ತಾ?" ಅಂದ್ರು. ಅದೇ ಹಾಡನ್ನ ಇನ್ನೆರಡು ಸಲ ಹಾಕಿಸ್ಕೊಂಡ್ರು.

ಕೆಳಗಿನ ಮನೆಗೂ ಹೋಗಿ ನಿಂತು ಕೇಳಿದೆ, ಸಣ್ಣಗೆ ಕೇಳತ್ತೆ, ಇಲ್ಲ ಅಂತ ಹೇಳಲ್ಲ. ಮೊದಲು ಆ ಒಂದು ನೋಟಿಗೆ ಅವರ ಕಿಟಕಿ ಗಾಜು ಅದುರ್ತಿತ್ತಂತೆ, ಈಗ ಇಲ್ಲ ಅಂದ್ರು, ನಮಗೆ ಮೊದಲೇ ಹೇಳಬಾರದಿತ್ತಾ ಅನ್ಸಿ ಬೇಜಾರಾಯ್ತು. ಮಗು ಮಲಗೋದು ಎಂಟೂವರೆಗೆ, ಅದಾದ್ಮೇಲೆ ಸಬ್ ಎರಡೂ ಆಫ್ ಅಂತ ಮಾತು ಕೊಟ್ಟು ಬಂದಿದೀನಿ.

ಒಂದು ತೊಂದರೆ ಉಳಿದಿದೆ. ಎರಡನೇದು ಹಾಕಿದಾಗಿಂದ ಹಾಡು ನಿಲ್ಸಿದಾಗ ಸಣ್ಣಗೆ ಹಂ ಅಂತ ಶಬ್ದ ಬರ್ತಿದೆ, ಎರಡರಲ್ಲೂ.

ಯಲಹಂಕ_ಟಾಪ್_ಫ್ಲೋರ್

ಓದಿ ಖುಷಿ ಆಯ್ತು ಗುರೂ, ಅಪ್ಪಾಜಿಗೆ ನಮಸ್ಕಾರ ಹೇಳಿ.

ಹಂ ಬರೋದು ಎರಡು ಸಬ್ಬು ಬೇರೆ ಬೇರೆ ಬೋರ್ಡಿಂದ ಕರೆಂಟ್ ತಗೊಂಡಾಗ, ಅರ್ತಿಂಗ್ ಎರಡು ದಾರಿಲಿ ಬಂದು ಆರ್‌ಸಿಎ ಕೇಬಲಲ್ಲಿ ಸುತ್ತು ಹಾಕತ್ತೆ. ಎಡಗಡೇದನ್ನ ಬಾಲ್ಕನಿ ಪಕ್ಕದ ಬೋರ್ಡಿಗೆ ಹಾಕಿರ್ತೀರ ಅನ್ಸತ್ತೆ. ಒಳ್ಳೆ ಸ್ಪೈಕ್ ಬಸ್ಟರ್ ತಗೊಂಡು ಟಿವಿ, ರಿಸೀವರ್, ಎರಡೂ ಸಬ್ಬು ಎಲ್ಲಾ ಒಂದೇ ಬೋರ್ಡಿಗೆ ಬರೋ ಥರ ಮಾಡಿ. ಆಗಲೂ ಹೋಗ್ಲಿಲ್ಲ ಅಂದ್ರೆ ಸೆಟ್‌ಟಾಪ್ ಬಾಕ್ಸಿನ ಕೇಬಲ್ ವೈರು ಒಂದ್ಸಲ ಕಿತ್ತು ನೋಡಿ, ಅಲ್ಲಿಂದಲೂ ಬರತ್ತೆ. ಯಾರಾದ್ರೂ ಎಲೆಕ್ಟ್ರಿಷಿಯನ್ ಅರ್ತ್ ಪಿನ್ ತೆಗೆದುಬಿಡಿ ಸಾರ್ ಹಂ ನಿಲ್ಲತ್ತೆ ಅಂದ್ರೆ ಖಂಡಿತ ಒಪ್ಪಬೇಡಿ, ಸಬ್ಬೊಳಗೆ ಆ್ಯಂಪ್ ಇದೆ, ಮನೇಲಿ ಮಕ್ಕಳು ಮುಟ್ತಾರೆ.

ಹನುಮಂತನಗರ_ಹಾಲ್

ಹೌದು, ಬಾಲ್ಕನಿ ಬೋರ್ಡೇ. ಎಕ್ಸ್‌ಟೆನ್ಷನ್ ಎಳೆದು ಎಲ್ಲಾ ಟಿವಿ ಬೋರ್ಡಿಗೆ ತಂದೆ, ಹಂ ನಿಂತಿದೆ. ಮೈಕು ಶನಿವಾರ ಬನಶಂಕರಿಗೆ ತಂದು ಕೊಡ್ತೀನಿ ಸಾರ್, ಅಮ್ಮ ಕೋಡುಬಳೆ ಡಬ್ಬೀನೂ ಕಳಿಸ್ತಿದಾರೆ, ಮನೇಲಿರಿ.